ಕಲಾಯಿ ಕುಡಿದ ಗೀರು

ಹಳೆಯ ಸೈಕಲ್ಲಿನ ಭಾಗಕ್ಕೆ ಬೆಳ್ಳಿ ಬಣ್ಣ ಬಳಿದು, ‘ಇದನ್ನ ಇನ್ನಷ್ಟು ಹೊಳಿಯಂಗ ಮಾಡ್ರಿ’ ಎಂದು ತರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರನ್ನು ಸವಣೂರಿನ ನಮ್ಮ ಮನೆಯ ಕಟ್ಟೆಯಿಂದಲೇ ವಾಪಸು ಕಳಿಸಿದ್ದುಂಟು. ಬಾಯಿ ಜೋರು ಎಂದು ಓಣಿಯಲ್ಲಿ ನನಗೆ ಹೆಸರಿದೆ, ಆ ಹೆಸರು ಸುಳ್ಳೇನಲ್ಲ. ಕಂಡವರಿಗೆಲ್ಲ ಬುದ್ಧಿ ಹೇಳಿಕೊಂಡು ಕೂತಿದ್ದ ನಾನೇ ಅವರೆಲ್ಲರಿಗಿಂತ ದೊಡ್ಡ ತಪ್ಪು ಮಾಡಿದೆ. ಅದು ಹೇಗಾಯಿತು ಎಂದು ಒಂದನ್ನೂ ಬಿಡದೆ ಬರೆಯುತ್ತೇನೆ.

ನಮ್ಮದು ಕಲಾಯಿ ಹಚ್ಚುವವರ ಮನೆತನ. ನನ್ನ ತಂದೆ, ಅಬ್ಬಾ, ಸಂತೆಯಿಂದ ಸಂತೆಗೆ ತಿದಿ ಹೊತ್ತುಕೊಂಡು ಹೋಗಿ ತಾಮ್ರದ ಹಂಡೆ, ಹಿತ್ತಾಳೆಯ ಬೋಗುಣಿಗಳಿಗೆ ತವರ ಕರಗಿಸಿ ಕಲಾಯಿ ಹಚ್ಚುತ್ತಿದ್ದರು. ಅವರು ತೀರಿಕೊಂಡ ಮೇಲೆ ತಿದಿ, ಚಿಮಟ, ನವಸಾಗರದ ಡಬ್ಬಿ ನನ್ನ ಪಾಲಿಗೆ ಬಂದವು. ಪಾತ್ರೆ ತರುವವರು ಕಡಿಮೆಯಾದರು. ಅವರ ಬದಲಿಗೆ ಹಳೆಯ ಸೈಕಲ್ಲಿನ ಹ್ಯಾಂಡಲ್, ಗಂಟೆ, ದೀಪ ಹಿಡಿದುಕೊಂಡು ಗೀರು ತೆಗೆದುಕೊಡಿ ಎನ್ನುವವರು ಬರತೊಡಗಿದರು. ಹಿತ್ತಲಿನ ತಗಡಿನ ಚಪ್ಪರವೇ ನನ್ನ ಕಾರ್ಖಾನೆ.

ದಸರಾ ರಜೆ ಸುರುವಾದ ವಾರ ಒಬ್ಬ ಅಜ್ಜಿ ಗೋಣಿಚೀಲದಲ್ಲಿ ಹ್ಯಾಂಡಲ್ ಸುತ್ತಿಕೊಂಡು ಬಂದರು. ಹಿರೇಕೆರೂರು ತಾಲೂಕಿನ ಹಳ್ಳಿಗಳಲ್ಲಿ ಸರಕಾರಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ನಮ್ಮ ಕಡೆ ಅಂಥವರಿಗೆ ನರ್ಸಬಾಯಿ ಎನ್ನುವುದು ರೂಢಿ. ಈಗ ಹತ್ತಿಮತ್ತೂರಿನ ಆಚೆ, ಹೊಲದ ಮನೆಯಲ್ಲಿ, ಮಗಳ ಸಂಸಾರದ ಜೊತೆ ಇದ್ದಾರೆ. ಚೀಲ ನನ್ನ ಮುಂದಿಟ್ಟು ಕೂತು, ನೀರನ್ನೂ ಕೇಳದೆ ಮಾತು ಸುರುಮಾಡಿದರು.

‘ಈ ಸೈಕಲ್ ಮ್ಯಾಲೆ ಹೆರಿಗಿ ಚೀಲಾ ಹಾಕ್ಕೊಂಡು ಊರೂರು ತಿರಗೇನಿ, ತಂಗಿ. ಈಗ ಮೊಮ್ಮಗಳಿಗೆ ಸಾಲಿಗೆ ಹೋಗಾಕ ಕೊಟ್ರ, ಈ ತುಕ್ಕಿನ ಗಾಡಿ ನಾ ಏರಂಗಿಲ್ಲ, ಹುಡುಗ್ಯಾರು ನಗತಾರ ಅಂತಾಳ. ನಮ್ಮ ಹೊಲದ ಮನಿಗೆ ಬಸ್ಸಿಲ್ಲ ಏನಿಲ್ಲ. ಹಂಗಾದ್ರ ಒಂಬತ್ತನೇತ್ತಕ್ಕ ಸಾಲಿ ಬಿಡಿಸೂಣು ಅಂತಾನ ಅವರಪ್ಪ.’

‘ಇಡೀ ಸೈಕಲ್ ತರಬೇಕಿತ್ತಲ್ರಿ, ಬಾಯಾರ?’

‘ರಜಾ ಮುಗಿದ ಮ್ಯಾಲೆ ದಿನಾ ಓಡಬೇಕಲ್ಲ. ಒಂದೊಂದ ತರತೇನಿ. ಮೊದಲ ಕಣ್ಣಿಗೆ ಬೀಳೂದು ಹ್ಯಾಂಡಲ್. ಅದನ್ನ ಹುಡುಗಿ ಬಾಯಿ ಮುಚ್ಚುವಂಗ ಮಾಡಿಕೊಡ.’

ಚೀಲ ಬಿಚ್ಚಿದೆ. ಹೆಂಗಸರ ಸೈಕಲ್ಲಿನ ಹಳೆಯ ವಿಲಾಯತಿ ಹ್ಯಾಂಡಲ್. ತಂತಿಯ ಬ್ರೇಕಿನದಲ್ಲ, ಸರಳಿನ ಬ್ರೇಕಿನದು. ಕೈಯಲ್ಲಿ ಹಿಡಿಯುವ ಅಡ್ಡ ಕೊಳವೆಯನ್ನೂ ಚೌಕಟ್ಟಿನೊಳಗೆ ಇಳಿಯುವ ನೆಟ್ಟಗಿನ ಕೊಳವೆಯನ್ನೂ ಹಿತ್ತಾಳೆ ಹಾಕಿ ಬೆಸೆದಿದ್ದರು. ಆ ನೆಟ್ಟಗಿನ ಕೊಳವೆಗೆ ನಾನು ಕುತ್ತಿಗೆ ಎನ್ನುತ್ತೇನೆ. ಸೈಕಲ್ ನಡೆಸುವವರ ಭಾರವೆಲ್ಲ ಕೈಯಿಂದ ಇಳಿದು ಅದರ ಮೇಲೆಯೇ ಬೀಳುತ್ತದೆ. ಮಹಾನವಮಿಯ ಖಂಡೇ ಪೂಜೆಗೆ ವರ್ಷಾ ವರ್ಷಾ ಹಚ್ಚಿದ ವಿಭೂತಿ, ಕುಂಕುಮ, ಎಣ್ಣೆ ಒಂದರ ಮೇಲೊಂದು ಕೂತು ಅಂಟಿನ ಹಾಗೆ ಗಟ್ಟಿಯಾಗಿತ್ತು. ಅದರ ಕೆಳಗೆ ತುಕ್ಕು, ತುಕ್ಕಿನ ನಡುವೆ ಅಡ್ಡಾದಿಡ್ಡಿ ಗೀರು. ಆದರೆ ಒಂದು ಕಡೆ ಬಟ್ಟೆಯಿಂದ ಉಜ್ಜಿದಾಗ ತುಸು ಹಳದಿ ಬೆರೆತ ಬಿಳಿ ಹೊಳಪು ಎದ್ದಿತು. ಕ್ರೋಮ್ ಅಲ್ಲ, ನಿಕ್ಕಲ್. ಕ್ರೋಮಿನ ಹೊಳಪು ನೀಲಿ, ಕಣ್ಣಿಗೆ ಚುಚ್ಚುತ್ತದೆ, ನಿಕ್ಕಲ್ಲಿನದು ಹಾಗಲ್ಲ. ಇಷ್ಟು ಒಳ್ಳೆಯ ನಿಕ್ಕಲ್ ಮಾಲು ನನ್ನ ಕೈಗೆ ಬರುವುದು ಅಪರೂಪ. ನಿಜ ಹೇಳುತ್ತೇನೆ, ಆಸೆಯಾಯಿತು.

ಎರಡು ದಿನ ಸೀಮೆ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಮೆತ್ತಗಾದ ಜಿಡ್ಡನ್ನು ಬಿದಿರಿನ ಸೀಳಿನಿಂದ ಕೆರೆದೆ, ಕಬ್ಬಿಣ ಮುಟ್ಟಿಸಲಿಲ್ಲ. ತುಕ್ಕಿಗೆ ಚಾಕಲೇಟಿನ ಬೆಳ್ಳಿ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದೆ. ನಿಕ್ಕಲ್ಲಿಗೆ ಉಸುಕಿನ ಕಾಗದ ಹಾಕುವವರ ಕೈ ಮುರಿಯಬೇಕು. ಆಮೇಲೆ ಸುಣ್ಣ. ನಮ್ಮೂರಿನವರಿಗೆ ವೀಳ್ಯದೆಲೆ, ಸುಣ್ಣದ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಎಲೆಗೆ ಹಚ್ಚುವ ಸುಣ್ಣವನ್ನೇ ಬಿಸಿಲಿನಲ್ಲಿ ಒಣಗಿಸಿ, ಕುಟ್ಟಿ, ತೆಳ್ಳನೆಯ ಓಢಣಿಯಲ್ಲಿ ಸೋಸಿ ಇಟ್ಟುಕೊಂಡಿರುತ್ತೇನೆ. ಅದಕ್ಕೆ ತುಸು ಸ್ಪಿರಿಟ್ ಬೆರೆಸಿ ಬಳಿದರೆ ಗಳಿಗೆಯಲ್ಲಿ ಒಣಗಿ ಬಿಳಿ ಪುಡಿಯಾಗುತ್ತದೆ. ಅದನ್ನು ಹಳೆಯ ಧೋತರದ ಚೂರಿನಿಂದ ಒಂದೇ ದಿಕ್ಕಿಗೆ ಉಜ್ಜಬೇಕು.

ಗೀರನ್ನು ನಾನು ಉಗುರಿನಿಂದ ನೋಡುತ್ತೇನೆ. ಉಗುರು ಜಾರಿದರೆ ಅದು ಮೇಲಿನ ಗೀರು, ಸುಣ್ಣದಲ್ಲಿಯೇ ಹೋಗುತ್ತದೆ. ಉಗುರು ತಡೆದರೆ ನಿಕ್ಕಲ್ ಹರಿದು ಒಳಗಿನ ಉಕ್ಕು ತೆರೆದಿದೆ ಎಂದು ಅರ್ಥ. ಅಂಥ ಕಡೆ ಬೇರೆಯವರು ಹುಬ್ಬಳ್ಳಿಗೆ ಕಳಿಸಿ ಹೊಸದಾಗಿ ಗಿಲೀಟು ಹಾಕಿಸುತ್ತಾರೆ. ನಾನು ಮಾತ್ರ ಕಲಾಯಿ ಹಚ್ಚುತ್ತಿದ್ದೆ. ಇದು ನನ್ನದೇ ಪದ್ಧತಿ, ಯಾರೂ ಕಲಿಸಿದ್ದಲ್ಲ. ಕಲಾಯಿಯ ಬಿಳುಪು ನಿಕ್ಕಲ್ಲಿನ ಬಿಳುಪಿಗೆ ಹತ್ತಿರ, ಉಜ್ಜಿದರೆ ಎರಡೂ ಎಲ್ಲಿ ಕೂಡಿವೆ ಎಂದು ನನಗೇ ಸುಲಭವಾಗಿ ಕಾಣುತ್ತಿರಲಿಲ್ಲ. ಈ ಪದ್ಧತಿಯ ಮೇಲೆ ನನಗೆ ಎಲ್ಲಿಲ್ಲದ ಜಂಬವಿತ್ತು.

ಹ್ಯಾಂಡಲ್ಲಿನ ಕುತ್ತಿಗೆಯ ಮೇಲೆ, ಚೌಕಟ್ಟಿನ ನಟ್ಟು ಕೂಡುವ ಜಾಗದಿಂದ ಸ್ವಲ್ಪ ಮೇಲೆ, ಒಂದು ಸಣ್ಣ ಗೀರು ಅರ್ಧ ಬಳೆಯ ಹಾಗೆ ಸುತ್ತಿಕೊಂಡಿತ್ತು. ನಟ್ಟು ಉಜ್ಜಿ ಉಜ್ಜಿ ಬಿದ್ದದ್ದು ಎಂದುಕೊಂಡೆ. ಇಂಥವನ್ನು ಎಷ್ಟೋ ನೋಡಿದ್ದೆ. ಇದ್ದಿಲಿನ ಶೇಗಡಿಯ ಮೇಲೆ ಹಿಡಿದು ಹದವಾಗಿ ಕಾಯಿಸಿದೆ. ಕಲಾಯಿ ಕರಗುವ ಕಾವಿಗೆ ಹಿತ್ತಾಳೆಯ ಬೆಸುಗೆಗೆ ಏನೂ ಆಗುವುದಿಲ್ಲ. ನವಸಾಗರ ಉದುರಿಸಿದಾಗ ಬಿಳಿ ಹೊಗೆ ಎದ್ದಿತು. ಕಲಾಯಿ ಕಡ್ಡಿ ಮುಟ್ಟಿಸಿ ಅರಳೆಯಿಂದ ಒರೆಸಿದೆ. ಗೀರು ತುಂಬಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಖಾಲಿ ಕಂಡಿತು. ಮತ್ತೆ ಮುಟ್ಟಿಸಿದೆ, ಮತ್ತೆ ಕುಡಿಯಿತು. ಮೂರನೆಯ ಸಲಕ್ಕೆ ನಿಂತಿತು. ‘ಎಷ್ಟು ಬಾಯಾರಿಕಿನ ನಿನಗ’ ಎಂದು ಹ್ಯಾಂಡಲ್ಲಿಗೇ ಚೇಷ್ಟೆ ಮಾಡಿದ್ದು ನೆನಪಿದೆ.

ರಜೆ ಮುಗಿಯುವ ಮುನ್ನ ನರ್ಸಬಾಯಿ ಬಂದು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

‘ಅಯ್ಯ ಶಿವನ! ನನ್ನ ಮಾರಿ ಕಾಣಾಕತ್ತೈತಲ್ಲ ಇದರಾಗ.’

ನಾಲ್ಕು ದಿನದ ಮೇಲೆ ಅವರ ಫೋನಿನಿಂದ ಒಂದು ಫೋಟೊ ಬಂತು. ಎರಡು ಜಡೆ, ನೀಲಿ ಸಮವಸ್ತ್ರ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಹಲ್ಲು ಕಿಸಿದು ನಿಂತ ಹುಡುಗಿ. ಆ ಫೋಟೊವನ್ನು ನಾನು ಬಂದವರಿಗೆಲ್ಲ ತೋರಿಸಿದೆ, ಹಾಲಿನವನಿಗೂ ಬಿಡಲಿಲ್ಲ.

ಒಂದೂವರೆ ತಿಂಗಳ ಮೇಲೆ ಎರಡನೆಯ ಕಂತು ಬಂತು: ಚೈನಿನ ಚಕ್ರ ಮತ್ತು ಎರಡು ಕ್ರ್ಯಾಂಕ್, ಅಂದರೆ ಪೆಡಲ್ ಕೂಡಿಸುವ ಉಕ್ಕಿನ ತೋಳುಗಳು. ಅವರ ಊರಿನ ಸೈಕಲ್ ಅಂಗಡಿಯವನು ಅಲ್ಲಿಯವರೆಗೆ ಬೇರೆ ಹಳೆಯ ಜೋಡಿ ಹಾಕಿಕೊಟ್ಟಿದ್ದನಂತೆ. ಮತ್ತೆ ಅದೇ ಕ್ರಮ. ಈ ಸಲ ಜಿಡ್ಡು ಹೆಚ್ಚಿದ್ದರಿಂದ ಸೀಮೆ ಎಣ್ಣೆಯಲ್ಲಿ ಐದು ದಿನ ಬಿಟ್ಟೆ. ತೆಗೆದು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸಂಜೆ ಸುಣ್ಣ ಬಳಿದು ಇಟ್ಟೆ. ಬೆಳಿಗ್ಗೆ ಉಜ್ಜಿದರಾಯಿತು ಎಂದು ಒಳಗೆ ಹೋದೆ.

ಬೆಳಿಗ್ಗೆ ಚಹಾದ ಬಟ್ಟಲು ಹಿಡಿದುಕೊಂಡು ಚಪ್ಪರಕ್ಕೆ ಬಂದರೆ, ಎಡಗಡೆಯ ಕ್ರ್ಯಾಂಕಿನ ಬಿಳಿ ಸುಣ್ಣದ ಮೇಲೆ ಅಡ್ಡಡ್ಡ ಒಂದು ಕಪ್ಪು ಗೆರೆ. ಪೆನ್ಸಿಲ್ಲಿನಿಂದ ಎಳೆದಂತಿತ್ತು. ಎಲ್ಲೋ ಜಿಡ್ಡು ಉಳಿದಿದೆ ಎಂದು ಒರೆಸಿದೆ, ಸ್ಪಿರಿಟ್ಟಿನಲ್ಲಿ ತೊಳೆದೆ, ಮತ್ತೆ ಸುಣ್ಣ ಬಳಿದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಗೆರೆ ಅಲ್ಲಿಯೇ ಮತ್ತೆ ಮೂಡಿತು. ಉಗುರು ಆಡಿಸಿದೆ, ಹಗುರಾಗಿ ತಡೆಯಿತು. ಇಷ್ಟು ಸಣ್ಣ ಗೀರಿನಲ್ಲಿ ಅಷ್ಟು ಸೀಮೆ ಎಣ್ಣೆ ಎಲ್ಲಿ ಕೂತಿತ್ತು? ಗೀರಿಗೆ ತಳವಿರುತ್ತದೆ. ಇದಕ್ಕೆ ತಳವಿರಲಿಲ್ಲ. ಎಣ್ಣೆ ಉಕ್ಕಿನ ಒಳಗಿನಿಂದಲೇ ಬರುತ್ತಿತ್ತು. ಇದು ಬಿರುಕು.

ಅಮ್ಮಿ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಅವಳು ಹಾನಗಲ್ಲ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು, ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಾಳೆ.

‘ತಟ್ಟಿ ನೋಡಿದ್ಯೋ ಇಲ್ಲೋ?’ ಎಂದಳು.

ಅಬ್ಬಾ ಯಾವ ಪಾತ್ರೆಯನ್ನೂ ಹಾಗೇ ಶೇಗಡಿಗೆ ಇಟ್ಟವರಲ್ಲ. ಮೊದಲು ಬೆರಳಿನಿಂದ ತೂಗಿ ಹಿಡಿದು ಮರದ ತುಂಡಿನಿಂದ ತಟ್ಟುತ್ತಿದ್ದರು. ಗಟ್ಟಿ ಪಾತ್ರೆ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತದೆ; ಸೀಳಿದ್ದು ಥಟ್ಟನೆ ನಿಲ್ಲುತ್ತದೆ. ಸೀಳಿದ್ದಕ್ಕೆ ಅವರು ಕಲಾಯಿ ಹಚ್ಚುತ್ತಿರಲಿಲ್ಲ, ಎಷ್ಟು ಗೋಗರೆದರೂ ಇಲ್ಲ. ಕ್ರ್ಯಾಂಕನ್ನು ದಾರದಲ್ಲಿ ತೂಗುಹಾಕಿ ತಟ್ಟಿದೆ. ಬಲಗಡೆಯದು ಹಾಡಿತು. ಎಡಗಡೆಯದು ಟಕ್ ಎಂದು ಸುಮ್ಮನಾಯಿತು.

‘ಇದನ್ನ ವಾಪಸ ಕೊಟ್ಟಬಿಡ. ಆತು, ಮುಗೀತಲ್ಲ’ ಎಂದಳು ಅಮ್ಮಿ.

ಮುಗಿದಿರಲಿಲ್ಲ. ಮೂರು ಸಲ ಕಲಾಯಿ ಕುಡಿದ ಆ ಹ್ಯಾಂಡಲ್ಲಿನ ಗೀರು ಕಣ್ಣ ಮುಂದೆ ಬಂದು ನಿಂತಿತ್ತು. ಅದನ್ನು ನಾನು ತಟ್ಟಿ ನೋಡಿರಲಿಲ್ಲ. ಪಾತ್ರೆಯಲ್ಲವಲ್ಲ, ಸೈಕಲ್ಲಿನ ಭಾಗ ಎಂದು ಆ ರೂಢಿಯನ್ನೇ ಬಿಟ್ಟಿದ್ದೆ. ಸರಿಯಾಗಿ ಮುಚ್ಚಿ, ನುಣ್ಣಗೆ ಉಜ್ಜಿ, ಯಾರ ಕಣ್ಣಿಗೂ ಬೀಳದಂತೆ ಮಾಡಿ ಕೊಟ್ಟಿದ್ದೆ. ಅದರ ಮೇಲೆ ಆ ಹುಡುಗಿ ಒಂದೂವರೆ ತಿಂಗಳಿಂದ ದಿನಾ ಶಾಲೆಗೆ ಹೋಗುತ್ತಿದ್ದಳು.

ನರ್ಸಬಾಯಿಯವರಿಗೆ ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ಹಾಗೇ ಆಯಿತು. ಮನೆಯಲ್ಲಿ ಬೇರೆ ಯಾರ ನಂಬರೂ ನನ್ನ ಹತ್ತಿರ ಇರಲಿಲ್ಲ. ಗಡಿಯಾರ ಎಂಟು ದಾಟಿತ್ತು. ಬುರ್ಖಾ ಹಾಕಿಕೊಂಡು, ಸುಣ್ಣದ ಡಬ್ಬಿ ಚೀಲಕ್ಕೆ ತುರುಕಿ ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸು ಹೋಗಿಬಿಟ್ಟಿತ್ತು. ಹೊರಡಲು ನಿಂತಿದ್ದ ಒಂದು ಟಂಟಂ ರಿಕ್ಷಾ ಹತ್ತಿ, ಬೇರೆ ಯಾರನ್ನೂ ಹತ್ತಿಸಬೇಡ, ನಡಿ ಎಂದೆ. ಚಾಲಕ ಹತ್ತಿಮತ್ತೂರಿನವನೇ, ನಡುವಯಸ್ಸಿನ ಮನುಷ್ಯ. ನನ್ನ ಮುಖ ನೋಡಿ ಏನೂ ಕೇಳದೆ ಗಾಡಿ ಬಿಟ್ಟ. ದಾರಿಯಲ್ಲಿ ನಾನೇ ಎಲ್ಲ ಹೇಳಿದೆ.

‘ಹೊಲದ ಮನಿಯಿಂದ ಬರೂ ಹಾದಿಯೊಳಗ ಒಂದು ಹಳ್ಳ ಐತ್ರಿ. ಆಕಡಿಂದ ಇಳಕಲ, ಈಕಡಿ ಏರು’ ಎಂದ. ‘ಹುಡುಗ್ಯಾರು ಇಳಕಲದಾಗ ಬಿಟ್ಟ ಬಿಡತಾರ. ಅದ ಜೋರಿನ ಮ್ಯಾಲೆ ಏರು ಹತ್ತತಾರ.’

ಹತ್ತಿಮತ್ತೂರು ದಾಟಿ, ಹಳ್ಳ ದಾಟಿ, ಆಚೆಯ ದಿಬ್ಬ ಹತ್ತಿ ಸಪಾಟು ದಾರಿಗೆ ಬಂದೆವು. ಎರಡೂ ಕಡೆ ಗೋವಿನಜೋಳದ ಹೊಲ. ಎದುರಿನಿಂದ ಒಂದು ಸೈಕಲ್ ಬರುತ್ತಿತ್ತು. ಮೊದಲು ಹುಡುಗಿ ಕಾಣಲಿಲ್ಲ, ಬಿಸಿಲಿಗೆ ಹ್ಯಾಂಡಲ್ ಹೊಳೆದದ್ದು ಕಂಡಿತು. ಹತ್ತಿರ ಬಂದಾಗ ಟಂಟಂನಿಂದ ಅರ್ಧ ಹೊರಗೆ ಬಾಗಿ ‘ಏ! ನಿಂದ್ರ ಬೇ!’ ಎಂದು ಕೂಗಿದೆ. ನನ್ನ ದನಿ ಗೊತ್ತಲ್ಲ, ಮೈಲಿಗೆ ಕೇಳಿಸುತ್ತದೆ. ಹಾದು ಹೋಗುವ ಗಾಡಿಗಳಿಂದ ಕೂಗುವವರನ್ನು ಶಾಲೆಯ ಹುಡುಗಿಯರು ತಿರುಗಿ ನೋಡುವುದಿಲ್ಲ. ಅವಳು ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ತುಳಿದಳು. ಒಂದೊಂದು ತುಳಿತಕ್ಕೂ ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ಜಗ್ಗುತ್ತಿದ್ದಳು. ನನ್ನ ಕೂಗೇ ಆ ಕುತ್ತಿಗೆಯನ್ನು ಜಗ್ಗುತ್ತಿದೆ ಎನ್ನಿಸಿ ಕೂಗುವುದನ್ನು ಬಿಟ್ಟೆ.

ಚಾಲಕ ಗಾಡಿ ತಿರುಗಿಸಿದ. ‘ಅಡ್ಡ ಹಾಕಲೇನ್ರಿ, ಅಕ್ಕಾರ?’

‘ಹಾಕು’ ಎಂದೆ. ಅವನು ಜೋರು ಮಾಡಿದ. ಆಗ ತಲೆಗೆ ಹೊಳೆಯಿತು. ಅಡ್ಡ ಹಾಕಿದರೆ ಅವಳು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತಾಳೆ. ಮೈಭಾರವೆಲ್ಲ ಮುಂದಕ್ಕೆ ಬಂದು ಆ ಕುತ್ತಿಗೆಯ ಮೇಲೆ ಬೀಳುತ್ತದೆ. ಇಷ್ಟು ದಿನ ಮುರಿಯದ್ದು ಆಗ ಮುರಿಯುತ್ತದೆ. ಹಿಂದೆ ಉಳಿದು ನೋಡುತ್ತ ಹೋಗೋಣವೆಂದರೆ ಮುಂದೆ ಇಳಿಜಾರು. ಹುಡುಗಿಯನ್ನು ಸಪಾಟು ದಾರಿಯಲ್ಲಿಯೇ ನಿಲ್ಲಿಸಬೇಕು, ಅವಳು ತಾನಾಗಿಯೇ, ಗಾಬರಿಯಿಲ್ಲದೆ ನಿಲ್ಲಬೇಕು.

‘ಬ್ಯಾಡ, ಬ್ಯಾಡ! ಅಡ್ಡ ಹಾಕಬ್ಯಾಡ’ ಎಂದೆ. ‘ಆಕಿಗೆ ಗೊತ್ತಾಗಲಾರದಂಗ ಬಾಜೂಕ ಹಾದು ಮುಂದ ಹೋಗು. ಇಳಕಲಕ್ಕಿಂತ ಬಾಳ ಮೊದಲ ನನ್ನ ಇಳಿಸು. ಹಾರ್ನ್ ಹೊಡಿಬ್ಯಾಡ.’

ಅವನು ದಾರಿಯ ಆ ಅಂಚಿನಿಂದ ಮೆಲ್ಲಗೆ ದಾಟಿದ. ನಾನು ಒಳಗೆ ಸರಿದು ಕೂತೆ. ಸಾಕಷ್ಟು ಮುಂದೆ ಹೋಗಿ ಇಳಿದೆ. ಅವನನ್ನು ಇನ್ನೂ ಮುಂದೆ ಕಳಿಸಿದೆ. ದಾರಿಯ ಬದಿಯಲ್ಲಿ ನಿಂತು, ಹಾದಿ ತಪ್ಪಿದವಳ ಹಾಗೆ ಆ ಕಡೆ ಈ ಕಡೆ ನೋಡಿದೆ. ಹುಟ್ಟಿದಾಗಿನಿಂದ ಯಾರೊಂದಿಗೂ ನಾನು ಮೆಲ್ಲಗೆ ಮಾತಾಡಿದವಳಲ್ಲ. ಇನ್ನೂ ಇಪ್ಪತ್ತು ಮಾರು ದೂರವಿರುವಾಗ ಕೈ ಎತ್ತಿದೆ.

‘ಯವ್ವಾ, ಸವಕಾಶ. ಅವಸರಿಲ್ಲ’ ಎಂದೆ. ದನಿ ನನ್ನದಲ್ಲ ಎನ್ನುವಷ್ಟು ಸಣ್ಣಗಿತ್ತು. ‘ಈ ಹಾದಿ ಎಲ್ಲಿಗೆ ಹೋಗತೈತಿ, ತುಸು ಹೇಳತಿಯೇನ?’

ಹುಡುಗಿ ತುಳಿಯುವುದನ್ನು ನಿಲ್ಲಿಸಿದಳು. ಸೈಕಲ್ ತಾನಾಗಿ ನಿಧಾನವಾಗುತ್ತ ಬಂತು. ನನ್ನ ಹತ್ತಿರ ಬಂದು ಒಂದು ಕಾಲು ನೆಲಕ್ಕೆ ಕೊಟ್ಟಳು.

‘ಹೊಲದ ಮನೀಗೋಳಿಗೆ ಹೋಗತೈತ್ರಿ. ಯಾರ ಮನಿ ಬೇಕಾಗಿತ್ರಿ?’

ನಾನು ಹ್ಯಾಂಡಲ್ ಹಿಡಿದುಕೊಂಡೆ. ‘ಇಳಿ ಯವ್ವಾ, ಸೈಕಲ್ಲಿಂದ ಇಳಿ’ ಎಂದೆ. ಅವಳು ಇಳಿದಳು. ಅಲ್ಲಿಯೇ ಮಣ್ಣಿನಲ್ಲಿ ಕೂತು ಅತ್ತೆ. ಹುಡುಗಿ ಹೆದರಿ ತನ್ನ ಬಾಟಲಿಯ ನೀರು ಕೊಟ್ಟಳು.

ಚಾಲಕ ವಾಪಸು ಬಂದ. ಸೈಕಲ್ಲನ್ನು ತಳ್ಳಿಕೊಂಡೇ ಹೊಲದ ಮನೆಗೆ ಹೋದೆವು. ನರ್ಸಬಾಯಿ ಆಗಷ್ಟೇ ಪಕ್ಕದ ಮನೆಯ ಬಾಣಂತಿಯನ್ನು ನೋಡಿ ಬಂದಿದ್ದರು, ಫೋನ್ ಮನೆಯಲ್ಲಿಯೇ ಇತ್ತು. ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ಕುತ್ತಿಗೆಯ ಸುತ್ತ ಬೆರಳಾಡಿಸಿ ನೋಡಿದರು.

‘ಎಲ್ಲೈತಿ ಬಿರುಕು? ಬೆಣ್ಣಿ ಹಂಗ ಐತಿ. ಹುಡುಗಿ ಸಾಲಿ ತಪ್ಪಿಸಿ ಏನ್ ಮಾತಾಡಾಕತ್ತಿ ನೀನು?’

ಚಾಲಕ ನಟ್ಟು ಬಿಚ್ಚುವ ತನ್ನ ಪಾನಾಗಳನ್ನು ತಂದು ಬ್ರೇಕಿನ ಸರಳು ಬಿಚ್ಚಿ ಹ್ಯಾಂಡಲ್ ಹೊರಗೆ ತೆಗೆದ. ಅವರ ಒಲೆಯಲ್ಲಿಯೇ ಕಾಯಿಸಿದೆ. ಕಲಾಯಿ ಕರಗಿದಾಗ ಅರಳೆಯಿಂದ ಒರೆಸಿದೆ. ನಾನು ಹಚ್ಚಿದ್ದನ್ನು ನಾನೇ ತೆಗೆಯುತ್ತಿದ್ದೆ. ಆರಿದ ಮೇಲೆ ಸೀಮೆ ಎಣ್ಣೆ ಹಚ್ಚಿ ಬಿಟ್ಟು, ಒಣಗಿಸಿ ಒರೆಸಿ, ಡಬ್ಬಿಯ ಸುಣ್ಣವನ್ನು ಅವರ ದವಾಖಾನೆ ಪೆಟ್ಟಿಗೆಯ ಸ್ಪಿರಿಟ್ಟಿನಲ್ಲಿ ಕಲಸಿ ಬಳಿದೆ. ಎಲ್ಲರೂ ಸುತ್ತ ಕೂತೆವು. ಗೆರೆ ಮೊದಲು ಒಂದು ಕಡೆ ಮೂಡಿತು. ಆಮೇಲೆ ಎರಡೂ ದಿಕ್ಕಿಗೆ ಹರಿಯುತ್ತ ಹೋಯಿತು. ರಜೆಯಲ್ಲಿ ಅರ್ಧ ಬಳೆಯಷ್ಟಿದ್ದದ್ದು ಈಗ ಎರಡು ತುದಿ ಕೂಡಲು ಒಂದು ಬೆರಳು ಮಾತ್ರ ಬಾಕಿ ಇತ್ತು. ಅಂಗಳದ ಬೇವಿನ ಮರದ ಕವಲಿಗೆ ಕುತ್ತಿಗೆ ಸಿಕ್ಕಿಸಿ, ಚಾಲಕ ಒಂದೇ ಕೈಯಿಂದ ತಳ್ಳಿದ. ಮುರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ.

ಹುಡುಗಿಯ ತಾಯಿ ಮಗಳನ್ನು ಬರಸೆಳೆದುಕೊಂಡಳು. ಹುಡುಗಿ ಮುರಿದ ತುದಿಯನ್ನೇ ನೋಡುತ್ತಿದ್ದಳು. ನಾನು ನರ್ಸಬಾಯಿಯ ಕಾಲು ಹಿಡಿಯಲು ಬಾಗಿದೆ. ಅವರು ಹಿಂದೆ ಸರಿದರು.

‘ಕಾಲ ಹಿಡದ್ರ ಏನ್ ಬಂತು?’ ಎಂದರು. ‘ನಾ ಕೂಸುಗಳಿಗೆ ಸೂಜಿ ಹಾಕತಿದ್ದಾಕಿ. ಒಂದು ಕೂಸಿಗೆ ಸೂಜಿ ಬಾತು ಅಂದ್ರ, ಆ ಪೆಟಗಿ ಔಷಧ ಮತ್ತ ಯಾರ‍್ಯಾರಿಗೆ ಹಾಕೇವಿ ಅಂತ ಅವತ್ತ ಮನಿ ಮನಿ ತಿರಗತಿದ್ವಿ. ನೀ ಹೇಳು. ಇನ್ನೆಷ್ಟು ಮಂದಿಗೆ ಹಿಂಗ ಕಲಾಯಿ ಬಡದು ಕೊಟ್ಟಿ?’

ಅಲ್ಲಿಯವರೆಗೆ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಈ ಒಂದು ಹುಡುಗಿ ಉಳಿದಳಲ್ಲ ಎಂದು ಅಲ್ಲಾಹನಿಗೆ ಶುಕ್ರ ಹೇಳಿ ಮನೆಗೆ ಹೋಗುವವಳಿದ್ದೆ.

ಮನೆಗೆ ಬಂದು ಅಮ್ಮಿಯನ್ನು ಎದುರಿಗೆ ಕೂಡಿಸಿಕೊಂಡು ನೆನಪು ಮಾಡಿದೆ. ಗಂಟೆ, ದೀಪ, ಮಡ್‌ಗಾರ್ಡ್ ಬಿಟ್ಟರೆ, ಭಾರ ಹೊರುವ ಭಾಗಕ್ಕೆ ಕಲಾಯಿ ಹಚ್ಚಿ ಕೊಟ್ಟದ್ದು ಐದು ಮನೆಗಳಿಗೆ. ಹಾನಗಲ್ಲಿಗೆ ಒಂದು, ಆಡೂರಿಗೆ ಒಂದು, ಶಿಗ್ಗಾಂವಿಗೆ ಎರಡು, ಹಂಸಭಾವಿಗೆ ಒಂದು.

‘ಹೆಸರು ಹೋಗತೈತಿ ನೋಡು’ ಎಂದಳು ಅಮ್ಮಿ. ಆಮೇಲೆ ಅವಳೇ ‘ಹೋದ್ರ ಹೋಗಲಿ, ಫೋನ್ ಹಚ್ಚು’ ಎಂದಳು.

ಫೋನಿನಲ್ಲಿ ಹೇಳಿದರೆ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹೊಳೆಯುವ ವಸ್ತುವನ್ನು ಯಾರು ವಾಪಸು ಕೊಡುತ್ತಾರೆ? ಹೀಗಾಗಿ ನಾನೇ ಹೋದೆ. ಆಡೂರಿನ ರೈತರು ನಕ್ಕರು. ‘ನಾ ಅದನ್ನ ಗ್ವಾಡಿಗೆ ತೂಗಬಿಟ್ಟೇನ್ರಿ, ಏರಿ ಯಾರ ಸಾಯತಾರ’ ಎಂದರು. ಆದರೂ ಇಳಿಸಿ ತಟ್ಟಿದೆ, ಗಟ್ಟಿಯಿತ್ತು. ಹಾನಗಲ್ಲಿನದೂ ಗಟ್ಟಿಯಿತ್ತು. ಶಿಗ್ಗಾಂವಿಯ ಎರಡು ಕ್ರ್ಯಾಂಕುಗಳಲ್ಲಿ ಒಂದು ಟಕ್ ಎಂದಿತು. ಅದರ ಒಡೆಯ ಸಿಕ್ಕ ಬಾಯಿಗೆ ಬೈದ. ನಾನು ತಿರುಗಿ ಒಂದು ಮಾತನ್ನೂ ಆಡದೆ ನಿಂತು ಕೇಳಿಸಿಕೊಂಡೆ. ಅವನೆದುರಿಗೇ ಆ ಕ್ರ್ಯಾಂಕನ್ನು ಗರಗಸದಿಂದ ಎರಡು ತುಂಡು ಮಾಡಿ ಅವನ ಕೈಗೆ ಕೊಟ್ಟೆ. ನರ್ಸಬಾಯಿಯವರ ಎಡಗಡೆಯ ಕ್ರ್ಯಾಂಕನ್ನೂ ಹಾಗೆಯೇ ಮಾಡಿದ್ದೆ. ಅವರ ಸೈಕಲ್ಲಿಗೆ ಈಗ ಅಂಗಡಿಯ ಹೊಸ ಹ್ಯಾಂಡಲ್ ಬಂದಿದೆ. ಹುಡುಗಿ ಅದರ ಮೇಲೆಯೇ ಶಾಲೆಗೆ ಹೋಗುತ್ತಾಳೆ. ನರ್ಸಬಾಯಿ ನನ್ನ ಹತ್ತಿರ ಮತ್ತೆ ಏನನ್ನೂ ತಂದಿಲ್ಲ, ತರಲಿ ಎಂದು ನಾನೂ ಕಾಯುತ್ತಿಲ್ಲ.

ಉಳಿದದ್ದು ಹಂಸಭಾವಿಯದು. ಅಲ್ಲಿಯ ಕಿರಾಣಿ ಅಂಗಡಿಯ ಯಜಮಾನರು ಚಂದಕ್ಕೆಂದು ಹ್ಯಾಂಡಲ್ಲಿಗೆ ಕಲಾಯಿ ಹಚ್ಚಿಸಿಕೊಂಡಿದ್ದ ಸೈಕಲ್ ಅದು.

‘ಅಯ್ಯ, ಅದು ಇಲ್ಲಲ್ರಿ ಈಗ’ ಎಂದರು. ‘ಸಂತಿ ದಿನ ಒಬ್ಬಾಂವ ನೋಡಿದ, ಹೊಳಪಿಗೆ ಮನಸೋತು ಬಿಡಲಾರದ ರೊಕ್ಕಾ ಕೊಟ್ಟು ಹೊಡಕೊಂಡು ಹೋದ. ಯಾವೂರಾಂವ ಅಂತ ನಾ ಕೇಳಲಿಲ್ಲ. ಹೆಗಲ ಮ್ಯಾಲೊಂದು ಕೂಸಿತ್ತು, ಅದನ್ನ ಮುಂದಿನ ಬಾರಿನ ಮ್ಯಾಲೆ ಕುಂದರಿಸಿಕೊಂಡು ಹೋದ, ಅಷ್ಟ ಗೊತ್ತು.’

ಆಮೇಲೆ ಹಂಸಭಾವಿಯ ಸಂತೆಗೆ ಎಷ್ಟೋ ಸಲ ಹೋಗಿದ್ದೇನೆ. ಸೈಕಲ್ಲುಗಳು ನಿಲ್ಲುವ ಕಡೆ ನಿಂತು ಒಂದೊಂದೇ ಹ್ಯಾಂಡಲ್ ನೋಡುತ್ತೇನೆ. ಹಿರೇಕೆರೂರಿನಲ್ಲೂ ಹುಡುಕಿದ್ದೇನೆ. ‘ಏನ್ ಕಳಕೊಂಡೀರಿ?’ ಎಂದು ಜನ ಕೇಳುತ್ತಾರೆ. ಕೆಲವರು ಕಳ್ಳಿ ಎಂದು ಓಡಿಸಿದ್ದೂ ಇದೆ. ಈಗ ನಾನು ಗಂಟೆ, ದೀಪಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಕಲಾಯಿ ಮುಟ್ಟಿಸುವುದಿಲ್ಲ. ತಟ್ಟಿ ನೋಡದೆ ಯಾವುದನ್ನೂ ಒಳಗೆ ತೆಗೆದುಕೊಳ್ಳುವುದಿಲ್ಲ.

ಆ ಹ್ಯಾಂಡಲ್ ಇನ್ನೂ ಸಿಕ್ಕಿಲ್ಲ. ಗಟ್ಟಿಯೋ ಸೀಳಿದ್ದೋ ನನಗೆ ಗೊತ್ತಿಲ್ಲ. ಇದನ್ನು ಬರೆಯುತ್ತಿರುವುದೇ ಅದಕ್ಕಾಗಿ. ಅದು ಗಂಡಸರ ಸೈಕಲ್ಲಿನದು, ಸರಳಿನ ಬ್ರೇಕು. ಬಲಗಡೆಯ ಹಿಡಿಕೆ ಎಡಗಡೆಯದಕ್ಕಿಂತ ತುಸು ಕೆಳಗೆ ಬಾಗಿದೆ. ಬಿಸಿಲಿಗೆ ಹಿಡಿದು ನೋಡಿದರೆ ಕುತ್ತಿಗೆಯ ಮೇಲೆ ಎರಡು ಬೆರಳಗಲ ಉಳಿದ ಕಡೆಗಿಂತ ತುಸುವೇ ಬೆಳ್ಳಗೆ, ಬಹಳ ಚಂದ ಹೊಳೆಯುತ್ತದೆ. ಅದು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಏರಬೇಡಿ, ಕೂಸನ್ನು ಕೂಡಿಸಬೇಡಿ. ಎಷ್ಟೇ ದೂರವಿರಲಿ, ಕೈಯಲ್ಲಿ ತಳ್ಳಿಕೊಂಡು ನಡೆದೇ ಬನ್ನಿ.